ಮನೆಗೆ ಬರುವ ಸೋಷಿಯಲ್ ವರ್ಕರ್ ಮಾತ್ರೆ ಎಣಿಸುವುದೇಕೆ?

ಸ್ಕಿಜೋಫ್ರೇನಿಯಾ (ಭ್ರಮೆ, ಅನುಮಾನ ಕಾಡುವ ಮಾನಸಿಕ ಕಾಯಿಲೆ) ಇರುವ ನಿಮ್ಮಣ್ಣನನ್ನು ನೋಡಲು ಬರುವವರು ಮಾತ್ರೆ ಎಣಿಸಿ, ನಿದ್ದೆ ವಿಚಾರಿಸಿ ಹೋಗುತ್ತಾರೆ, ಇದರಿಂದೇನು ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ, ಹೋದದ್ದು ಮೈಗೆ ಒಗ್ಗುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಡೋಸ್ ಬದಲಿಸುವುದು ಡಾಕ್ಟರ ಕೆಲಸ. ಇವರು ಕಂಡದ್ದನ್ನು ಅವರಿಗೆ ಮುಟ್ಟಿಸುತ್ತಾರೆ.

ಈ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಸಾಮಾನ್ಯವಾಗಿ ಮರುದಿನವೇ ಮರುಕಳಿಸುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ‘ಬಿಟ್ಟರೂ ಆರಾಮಾಗೇ ಇದ್ದೀನಲ್ಲ’ ಅಂತ ಧೈರ್ಯ ಬಂದುಬಿಡುತ್ತದೆ. ಆಮೇಲೆ ನಿದ್ದೆ ಕೆಡುತ್ತದೆ, ಮಾತು ಕಡಿಮೆಯಾಗುತ್ತದೆ, ಅನುಮಾನ ಶುರುವಾಗುತ್ತದೆ. ಎಣಿಕೆ ಈ ಮೊದಲ ಹಂತದಲ್ಲೇ ಎಚ್ಚರಿಸುತ್ತದೆ. ಆದರೆ ಖಾಲಿ ಶೀಟನ್ನೇ ನಂಬುವಂತಿಲ್ಲ, ಮಾತ್ರೆ ಸಿಂಕಿಗೂ ಹೋಗಿರಬಹುದು! ಅದಕ್ಕೇ ಅನುಭವಸ್ಥರು ‘ತಗೊಂಡ್ರಾ?’ ಎನ್ನುವುದಿಲ್ಲ, ‘ಈ ವಾರ ಎಷ್ಟು ಸಲ ಮರೆತುಹೋಯ್ತು?’ ಎನ್ನುತ್ತಾರೆ. ಬೈಗುಳದ ಭಯವಿಲ್ಲದಿದ್ದರೆ ನಿಜ ಹೊರಬರುತ್ತದೆ.

ಮಾತ್ರೆ ಬಿಡುವುದಕ್ಕೂ ಕಾರಣವಿರುತ್ತದೆ, ಅದರ ಅಡ್ಡಪರಿಣಾಮಗಳು: ಕೈ ನಡುಕ, ಮಂಪರು, ಏರುವ ತೂಕ. ಈ ಕಾಯಿಲೆಗೆ ಕೊಡುವ ಒಲಾಂಜಪಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರ ತೂಕ, ಶುಗರ್ ನೋಡಲೇಬೇಕು. ಕ್ಲೋಜಪಿನ್ ಎಂಬ ಮಾತ್ರೆಯಾದರೆ ಮೊದಲ 18 ವಾರ ಪ್ರತಿ ವಾರ ಬಿಳಿ ರಕ್ತಕಣ ಪರೀಕ್ಷೆ ಮಾಡಿಸುವುದು ರೂಢಿ. ಪದೇ ಪದೇ ಮರೆಯುವವರಿಗೆ 2ರಿಂದ 4 ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಿ.

ಎರಡು ರಾತ್ರಿ ನಿದ್ದೆಯೇ ಬರಲಿಲ್ಲವೆಂದರೆ ಮುಂದಿನ ಭೇಟಿಗೆ ಕಾಯಬೇಡಿ. ಬೆಂಗಳೂರಿನಿಂದ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.