ಓದುಗರ ಪ್ರಶ್ನೆ: ಆಫೀಸಿನ ನೋವಿಗೆ ಆನ್‌ಲೈನ್ ಥೆರಪಿಸ್ಟ್ ಹುಡುಕೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 29 ವರ್ಷ. ಊರು ತಿಪಟೂರು. ಔಟರ್ ರಿಂಗ್ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಮಾರತಹಳ್ಳಿಯಲ್ಲಿ ಪಿಜಿ. ಒಂದು ವರ್ಷದಿಂದ ಹೊಸ ಮ್ಯಾನೇಜರ್. ಬೆಳಗಿನ ಕಾಲ್‌ನಲ್ಲಿ ಎಲ್ಲರ ಎದುರು ‘ಇಷ್ಟೂ ಗೊತ್ತಾಗಲ್ವಾ ನಿಮಗೆ’ ಅಂತಾರೆ. ರಾತ್ರಿ ಹನ್ನೊಂದಕ್ಕೂ ಮೆಸೇಜ್ ಬರುತ್ತೆ. ಭಾನುವಾರ ಸಂಜೆ ಆದರೆ ಸಾಕು, ಹೊಟ್ಟೆ ತೊಳಸುತ್ತೆ. ಆನ್‌ಲೈನ್‌ನಲ್ಲಿ ಹುಡುಕಿದರೆ ನೂರಾರು ಥೆರಪಿಸ್ಟ್‌ಗಳು, ಎಲ್ಲರಿಗೂ ಐದು ಸ್ಟಾರ್. ಒಂದು ಆ್ಯಪ್‌ಗೆ ದುಡ್ಡು ಕಟ್ಟಿದೆ. ಎರಡು ಸೆಷನ್ ಆಗುವಷ್ಟರಲ್ಲಿ ಥೆರಪಿಸ್ಟ್ ಬದಲಾದರು, ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಇಂಗ್ಲಿಷ್‌ನಲ್ಲಿ ಹೇಳುವಾಗ ಯಾರದೋ ಕತೆ ಹೇಳಿದ ಹಾಗೆ ಆಗ್ತಿತ್ತು. ಸರಿಯಾದವರನ್ನು ಹುಡುಕೋದು ಹೇಗೆ? ಇದರಿಂದ ನಿಜವಾಗಲೂ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ತೊಂದರೆ ಒಂದಕ್ಕೊಂದು ಸುತ್ತಿಕೊಂಡಿವೆ, ಅದನ್ನು ಮೊದಲು ಬಿಡಿಸೋಣ. ಮ್ಯಾನೇಜರ್ ನಡೆದುಕೊಳ್ಳುತ್ತಿರುವ ರೀತಿ ಒಂದು. ಅದರಿಂದ ನಿಮ್ಮ ಹೊಟ್ಟೆಗೆ, ನಿದ್ದೆಗೆ, ‘ನನಗೇನೂ ಬರಲ್ಲ’ ಅನ್ನುವ ಯೋಚನೆಗೆ ಆಗಿರುವುದು ಇನ್ನೊಂದು. ಥೆರಪಿಸ್ಟ್ ಸಹಾಯ ಮಾಡುವುದು ಎರಡನೆಯದಕ್ಕೆ. ಮ್ಯಾನೇಜರ್ ಬದಲಾಗಲಿ ಅಂತ ನೀವು ಥೆರಪಿಗೆ ಹೋದರೆ ಮೂರು ತಿಂಗಳಾದ ಮೇಲೆ ದುಡ್ಡು ಹೋಯಿತು ಅನ್ನಿಸುತ್ತದೆ. ‘ನಾನೇ ಸೂಕ್ಷ್ಮ, ನಾನೇ ಸರಿಯಿಲ್ಲ, ನನ್ನನ್ನೇ ರಿಪೇರಿ ಮಾಡಿಸಿಕೊಳ್ಳಬೇಕು’ ಅಂತ ಹೋದರೂ ತಪ್ಪೇ. ಎಲ್ಲರ ಎದುರು ಅವಮಾನ ಮಾಡಿದರೆ ಯಾರಿಗಾದರೂ ನೋವಾಗುತ್ತದೆ. ಅದು ಕಾಯಿಲೆಯಲ್ಲ.

ಈಗ ಹುಡುಕುವ ವಿಷಯ. ಸ್ಟಾರ್, ಫೋಟೋ ಪಕ್ಕಕ್ಕಿಡಿ. ಮೊದಲು ಓದು ನೋಡಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಬರೆಯುವುದು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಆದರೆ ಎಂಎ ಅಥವಾ ಎಂಎಸ್ಸಿ ಮುಗಿಸಿ ಸಾಮಾನ್ಯವಾಗಿ ಎರಡು ವರ್ಷದ ಎಂಫಿಲ್ ಮಾಡಿ ಆಸ್ಪತ್ರೆಯಲ್ಲಿ ತರಬೇತಿ ಪಡೆದಿರುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಅಂತ ಕರೆಯುವ ಸಂಸ್ಥೆಯಲ್ಲಿ, ನೋಂದಾಯಿಸಿಕೊಂಡಿರಬೇಕು. ಆ ನೋಂದಣಿ ನಂಬರ್ ಕೇಳಿ, ಪರಿಷತ್ತಿನ ವೆಬ್‌ಸೈಟ್‌ನಲ್ಲಿ ನೀವೇ ಹಾಕಿ ನೋಡಬಹುದು. ಕೌನ್ಸೆಲಿಂಗ್ ಸೈಕಾಲಜಿಸ್ಟ್‌ಗಳು ಎಂಎ ಅಥವಾ ಎಂಎಸ್ಸಿ ಮಾಡಿ, ಆಮೇಲೆ ಯಾರಾದರೂ ಹಿರಿಯರ ಕೈಕೆಳಗೆ ಕೆಲಸ ಕಲಿತಿರುತ್ತಾರೆ. ನಿಮ್ಮಂಥ ಸಮಸ್ಯೆಗೆ ಒಳ್ಳೆಯ ಕೌನ್ಸೆಲಿಂಗ್ ಸೈಕಾಲಜಿಸ್ಟ್ ಧಾರಾಳವಾಗಿ ಸಾಕು. ಆದರೆ ‘ಲೈಫ್ ಕೋಚ್’, ‘ಹೀಲರ್’ ಅಂತ ಹಾಕಿಕೊಳ್ಳಲು ಯಾವ ಓದೂ ಬೇಕಿಲ್ಲ, ವಾರಾಂತ್ಯದ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಕೌನ್ಸೆಲರ್‌ಗಳನ್ನೂ ಒಂದು ನೋಂದಣಿಗೆ ತರಲು 2021ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಅದು ಇದೆ ಅಂತ ಸುಮ್ನೆ ಕೂರಬೇಡಿ, ‘ಎಲ್ಲಿ ಓದಿದಿರಿ, ಯಾರ ಕೆಳಗೆ ತರಬೇತಿ’ ಅಂತ ಕೇಳಿಬಿಡಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರು ನಿಮಗೆ ಬೇಡ.

ಓದು ಸರಿಯಿದೆ ಅಂತಾದ ಮೇಲೆ ಭಾಷೆ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹೊಟ್ಟೆ ತೊಳಸುತ್ತೆ, ಜೀವ ಹಿಂಡುತ್ತೆ, ಮುಖ ಎತ್ತೋಕಾಗಲ್ಲ, ಯಾಕೋ ಬೇಜಾರು, ಇವೆಲ್ಲ ಬೇರೆಬೇರೆ ನೋವುಗಳು. ಇಂಗ್ಲಿಷ್‌ಗೆ ಬಂದ ಕೂಡಲೇ ಎಲ್ಲವೂ ‘ಸ್ಟ್ರೆಸ್’ ಆಗಿಬಿಡುತ್ತವೆ. ಆಫೀಸಿನ ಭಾಷೆಯಲ್ಲೇ ಆಫೀಸಿನ ನೋವು ಹೇಳುವಾಗ ನೀವು ರಿಪೋರ್ಟ್ ಕೊಡುತ್ತಿರುತ್ತೀರಿ, ಅಳು ಗಂಟಲಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಸೆಷನ್ ಮಾಡುವವರು ಇದ್ದಾರೆ. ಆ್ಯಪ್‌ನಲ್ಲಿ ಭಾಷೆಯ ಫಿಲ್ಟರ್ ಹಾಕಿ. ‘ಕನ್ನಡ ಬರುತ್ತೆ’ ಅನ್ನುವುದಕ್ಕೂ ‘ಕನ್ನಡದಲ್ಲಿ ಸೆಷನ್ ಮಾಡುತ್ತೇನೆ’ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅದನ್ನೂ ಕೇಳಿಕೊಳ್ಳಿ. ನಡುವೆ ಇಂಗ್ಲಿಷ್ ಮಾತು ಬಂದರೆ ಏನೂ ತೊಂದರೆಯಿಲ್ಲ, ನಾವೆಲ್ಲ ಹಾಗೇ ಅಲ್ವಾ ಮಾತಾಡೋದು.

ಇಬ್ಬರು ಮೂವರನ್ನು ಆರಿಸಿಕೊಂಡು, ಪ್ಯಾಕೇಜ್ ಕೊಳ್ಳುವ ಮೊದಲು ಹತ್ತು ಹದಿನೈದು ನಿಮಿಷ ಮಾತಾಡಲು ಸಾಧ್ಯವಾ ಅಂತ ಕೇಳಿ. ಕೆಲಸದ ಜಾಗದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡಿದ್ದೀರಾ, ಫೀಸ್ ಎಷ್ಟು, ಕಡೆ ಗಳಿಗೆಯಲ್ಲಿ ಬರಲಾಗದಿದ್ದರೆ ಏನು, ಪ್ರತಿ ವಾರ ನೀವೇ ಇರುತ್ತೀರಾ, ನನ್ನ ಬಗ್ಗೆ ಬರೆದಿಟ್ಟಿದ್ದನ್ನು ಯಾರು ನೋಡುತ್ತಾರೆ, ಇಷ್ಟು ಕೇಳಬೇಕು. ನಿಮಗೆ ಹೋದ ಸಲ ಆದದ್ದು ಆ್ಯಪ್‌ಗಳಲ್ಲಿ ಮತ್ತೆ ಆಗಬಹುದು, ಹಾಗಾಗಿ ‘ಪ್ರತಿ ವಾರ ನೀವೇ’ ಅನ್ನುವ ಪ್ರಶ್ನೆ ಬಿಡಬೇಡಿ. ಖಾಸಗಿಯಾಗಿ ಸೆಷನ್ ಮಾಡುವವರು ನಮ್ಮಲ್ಲಿ 45 ರಿಂದ 50 ನಿಮಿಷಕ್ಕೆ ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿವರೆಗೆ ತೆಗೆದುಕೊಳ್ಳುತ್ತಾರೆ. ಜಾಸ್ತಿ ಫೀಸ್ ಅಂದರೆ ಜಾಸ್ತಿ ಒಳ್ಳೆಯವರು ಅಂತೇನಿಲ್ಲ. ಕಡಿಮೆ ಮಾಡಿ ಅಂತ ಕೇಳುವುದರಲ್ಲಿ ನಾಚಿಕೆ ಬೇಡ, ಕೆಲವರು ಮಾಡುತ್ತಾರೆ.

ನಿಮ್ಮ ಎದುರಿಗೆ ಇನ್ನೊಂದು ಚಿಕ್ಕ ಕಷ್ಟ ಇದೆ, ಪಿಜಿ. ರೂಮ್‌ಮೇಟ್ ಪಕ್ಕದಲ್ಲಿ ಕೂತಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಆಫೀಸಿನ ಮೀಟಿಂಗ್ ರೂಮ್ ಬೇಡ, ಕ್ಯಾಬಿನಲ್ಲಿ ಬರುವಾಗಲೂ ಬೇಡ, ಡ್ರೈವರ್‌ಗೆ ಎಲ್ಲ ಕೇಳಿಸುತ್ತದೆ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗಿ ಶನಿವಾರ ಬೆಳಿಗ್ಗೆ ರೂಮ್‌ಮೇಟ್ ತಿಂಡಿಗೆ ಹೋಗುವ ಹೊತ್ತು ನೋಡಿ ಸೆಷನ್ ಇಟ್ಟುಕೊಂಡಿದ್ದಳು. ಇನ್ನೊಬ್ಬರು ಗೆಳತಿಯ ಮನೆಯ ಒಂದು ಕೋಣೆ ವಾರಕ್ಕೆ ಒಂದು ಗಂಟೆ ಕೇಳಿದ್ದರು. ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಇಮೇಲ್, ಕಂಪನಿಯ ವೈಫೈ ಮೂರನ್ನೂ ಈ ವಿಷಯಕ್ಕೆ ಮುಟ್ಟಬೇಡಿ. ಸ್ವಂತ ಫೋನ್, ಸ್ವಂತ ಡೇಟಾ.

ಮೊದಲ ಸೆಷನ್‌ಗೆ ಎರಡು ಮೂರು ಘಟನೆ ಬರೆದುಕೊಂಡು ಹೋಗಿ. ಅವರು ಏನಂದರು, ನೀವು ಏನಂದಿರಿ, ಆಗ ಮೈಗೆ ಏನಾಯಿತು. ಅದರಿಂದ ಕೆಲಸ ಬೇಗ ಶುರುವಾಗುತ್ತದೆ. ಒಳ್ಳೆಯವರು ಸುಮ್ನೆ ತಲೆಯಾಡಿಸಿ ಕಳಿಸುವುದಿಲ್ಲ. ‘ಈ ಮಾತನ್ನು ನಾವಿಬ್ಬರೇ ಇದ್ದಾಗ ಹೇಳಿ ಸರ್’ ಅನ್ನುವ ಒಂದು ವಾಕ್ಯವನ್ನು ನಿಮ್ಮ ಬಾಯಲ್ಲಿ ಹತ್ತು ಸಲ ಹೇಳಿಸುತ್ತಾರೆ, ಹೇಳುವಾಗ ಗಂಟಲು ಎಲ್ಲಿ ಕಟ್ಟುತ್ತದೆ ಅಂತ ನೋಡುತ್ತಾರೆ, ಅದು ಮ್ಯಾನೇಜರ್ ಭಯವಾ ಅಥವಾ ಅದಕ್ಕೂ ಹಳೆಯ ಭಯವಾ ಅಂತ ನಿಮ್ಮ ಜೊತೆ ಹುಡುಕುತ್ತಾರೆ. ಮೂರು ನಾಲ್ಕು ಸೆಷನ್ ಆದ ಮೇಲೂ ಏನೋ ಕೂಡಿಬರುತ್ತಿಲ್ಲ ಅನ್ನಿಸಿದರೆ ಅವರಿಗೇ ಹೇಳಿ. ಹೇಳಿದ ಮೇಲೂ ಸರಿಹೋಗದಿದ್ದರೆ ಬದಲಿಸಿ. ಮೊದಲನೇ ದಿನವೇ ‘ಕೆಲಸ ಬಿಟ್ಟುಬಿಡಿ’ ಅಥವಾ ‘ಸ್ವಲ್ಪ ಹೊಂದಿಕೊಳ್ಳಿ’ ಅಂತ ತೀರ್ಪು ಕೊಡುವವರಾದರೆ ಮೂರು ಸೆಷನ್‌ವರೆಗೂ ಕಾಯಬೇಕಿಲ್ಲ.

ಮ್ಯಾನೇಜರ್ ವಿಷಯಕ್ಕೆ ಬೇರೆ ದಾರಿ ಇದೆ. ರಾತ್ರಿಯ ಮೆಸೇಜ್‌ಗಳನ್ನು ಅಳಿಸಬೇಡಿ. ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಸಾಫ್ಟ್‌ವೇರ್ ಕಂಪನಿಗಳಿಗೂ ಅನ್ವಯಿಸುತ್ತದೆ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರನ್ನು ಬಿಟ್ಟು ಉಳಿದವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಅದರಲ್ಲಿದೆ. ಎಚ್‌ಆರ್ ಹತ್ತಿರ ಹೋಗುವ ದಿನ ಬಂದರೆ ‘ನನಗೆ ಬೇಜಾರಾಗಿದೆ’ ಅನ್ನುವುದಕ್ಕಿಂತ ಈ ಪಟ್ಟಿ ಗಟ್ಟಿಯಾಗಿ ಮಾತಾಡುತ್ತದೆ. ಹೋಗಬೇಕಾ, ಯಾವಾಗ, ಅಥವಾ ಬೇರೆ ಕಡೆ ಕೆಲಸ ಹುಡುಕಬೇಕಾ ಅನ್ನುವುದನ್ನು ಯೋಚಿಸಲು ಥೆರಪಿಸ್ಟ್ ಜೊತೆಗಿರುತ್ತಾರೆ. ಆ ತೀರ್ಮಾನ ನಿಮ್ಮದು.

ಒಂದು ಮಾತು ಉಳಿಯಿತು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಅಥವಾ ‘ನಾನು ಇಲ್ಲದಿದ್ದರೇ ಚೆನ್ನಾಗಿತ್ತು’ ಅನ್ನುವ ಯೋಚನೆ ಬರುತ್ತಿದೆ ಅಂದರೆ ಆ್ಯಪ್‌ನಲ್ಲಿ ಹುಡುಕುತ್ತಾ ಕೂರಬೇಡಿ. ನೇರವಾಗಿ ಮನೋವೈದ್ಯರನ್ನು ನೋಡಿ. ಇಲ್ಲಾ, ಅದೇ ಕ್ಷಣ ಸರ್ಕಾರದ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಕಂಪನಿಯೇ ಉಚಿತ ಆನ್‌ಲೈನ್ ಕೌನ್ಸೆಲಿಂಗ್ ಕೊಡುತ್ತದೆ. ಆದರೆ ನಾನು ಹೇಳಿದ್ದು ಎಚ್‌ಆರ್‌ಗೆ ಹೋದರೆ? ಪ್ರಮೋಷನ್ ಸಮಯ ಬೇರೆ. ನನಗೆ 44, ಹೆಂಡತಿಗೂ ಹೇಳಿಲ್ಲ. (ರಾಜಾಜಿನಗರ)

ಉತ್ತರ: ಈ ಭಯ ನ್ಯಾಯವಾದದ್ದೇ. ಸಾಮಾನ್ಯವಾಗಿ ಇಂಥ ಸೇವೆಯನ್ನು ಹೊರಗಿನ ಒಂದು ಸಂಸ್ಥೆ ನಡೆಸುತ್ತದೆ, ಕಂಪನಿಗೆ ಎಷ್ಟು ಜನ ಬಳಸಿದರು ಅನ್ನುವ ಲೆಕ್ಕ ಹೋಗುತ್ತದೆಯೇ ಹೊರತು ಯಾರು ಏನು ಹೇಳಿದರು ಅನ್ನುವುದಲ್ಲ. ಆದರೂ ನನ್ನ ಮಾತು ನಂಬಬೇಡಿ, ಅವರನ್ನೇ ಕೇಳಿ. ಮೊದಲ ಸೆಷನ್‌ಗೆ ಮುಂಚೆ ‘ಕಂಪನಿಗೆ ನನ್ನ ಹೆಸರು ಹೋಗುತ್ತದೆಯೇ, ಯಾವ ಸಂದರ್ಭದಲ್ಲಿ ನೀವು ಗುಟ್ಟು ಬಿಡುತ್ತೀರಿ’ ಅಂತ ಒಂದು ಮೇಲ್ ಬರೆಯಿರಿ, ಸ್ವಂತ ಇಮೇಲ್‌ನಿಂದ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಕೇಳಿದಾಗ ಹೇಳಬೇಕಾಗುತ್ತದೆ ಅಂತ ಪ್ರಾಮಾಣಿಕ ಕೌನ್ಸೆಲರ್‌ಗಳೆಲ್ಲ ಮೊದಲೇ ತಿಳಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಅನ್ನುವುದು ಒಂದು ಹಕ್ಕು.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಹೊರಗೆ ಹೋಗಿ. ಅನುಮಾನ ಇಟ್ಟುಕೊಂಡು ಅರ್ಧ ಹೇಳಿದರೆ ಅರ್ಧವೇ ಉಪಯೋಗ. ನಮ್ಮೂರಿನಲ್ಲಿ ನಿಮ್ಹಾನ್ಸ್ ಹೆಸರನ್ನೇ ಬೈಗುಳ ಮಾಡಿಬಿಟ್ಟಿದ್ದೇವೆ, ‘ನಿಮ್ಹಾನ್ಸ್‌ಗೆ ಸೇರಿಸಬೇಕು ಇವನನ್ನ’ ಅಂತ. ನನಗೆ ಇದು ಕೇಳಿದಾಗಲೆಲ್ಲ ಸಂಕಟವಾಗುತ್ತದೆ, ಯಾಕೆಂದರೆ ಅಷ್ಟು ಒಳ್ಳೆಯ ಜಾಗ ಮನೆ ಪಕ್ಕದಲ್ಲೇ ಇದ್ದೂ ಜನ ಹೆದರಿ ದೂರ ಇರುತ್ತಾರೆ. ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ‘ಸೆಂಟರ್ ಫಾರ್ ವೆಲ್ ಬೀಯಿಂಗ್’ ಇದೆ. ಕೆಲಸದ ಒತ್ತಡ, ಮನೆಯ ಜಗಳ ಇಂಥವಕ್ಕೇ ಮಾಡಿದ್ದು.

ಹೆಂಡತಿಗೆ ಹೇಳಿ. ಪೂರ್ತಿ ಅಲ್ಲದಿದ್ದರೂ ‘ಬುಧವಾರ ಎಂಟರಿಂದ ಒಂಬತ್ತು ನಾನು ಒಬ್ಬರ ಜೊತೆ ಮಾತಾಡಬೇಕು, ಕೋಣೆ ಬಾಗಿಲು ಹಾಕಿರುತ್ತೇನೆ’ ಅಷ್ಟಾದರೂ. ಮುಚ್ಚಿದ ಬಾಗಿಲಿನ ಹಿಂದೆ ಗಂಡ ಮೆಲ್ಲಗೆ ಮಾತಾಡುತ್ತಿದ್ದರೆ ಅವರು ಏನೇನೋ ಊಹಿಸಿಕೊಂಡು ನೋಯಬಹುದು ಅಲ್ವಾ.

ಪ್ರಶ್ನೆ: ಮಗ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡ್ತಾನೆ. ವಾರಕ್ಕೊಂದು ದಿನ ಯಾರಿಗೋ ದುಡ್ಡು ಕೊಟ್ಟು ಫೋನಿನಲ್ಲಿ ಕಷ್ಟ ಹೇಳ್ಕೋತಾನೆ. ನಾವಿಲ್ವಾ ಹೇಳೋಕೆ?

ಉತ್ತರ: ಅಮ್ಮಾ, ನೀವಿದ್ದೀರಿ, ಅದಕ್ಕೇ ಹೇಳುತ್ತಿಲ್ಲ. ಹೇಳಿದರೆ ನೀವು ರಾತ್ರಿಯಿಡೀ ನಿದ್ದೆ ಮಾಡಲ್ಲ ಅಂತ ಅವನಿಗೆ ಗೊತ್ತು. ಅವನು ಮಾಡುತ್ತಿರುವುದು ಸರಿ. ‘ಏನಂದ್ರು’ ಅಂತ ಕೇಳಬೇಡಿ. ಅವತ್ತು ಅವನಿಗೆ ಇಷ್ಟವಾದ ಸಾರು ಮಾಡಿ.

ಪ್ರಶ್ನೆ: ಅಕ್ಕಾ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈತಾನೆ, ಹೆಂಗಸರಿಗೆ ಆಡಬಾರದ ಮಾತು. ಮಿಷನ್ ಮುಂದೆ ಕೂತರೆ ಕೈ ನಡುಗುತ್ತೆ. ಸಾವಿರ ರೂಪಾಯಿ ಕೊಡೋ ಶಕ್ತಿ ನಮಗಿಲ್ಲ. ನಮ್ಮಂಥವರಿಗೆ ಏನಿದೆ?

ಉತ್ತರ: ಇದೆ ತಂಗಿ. ಮೇಲೆ ಹೇಳಿದ 14416 ನಂಬರ್ ಟೆಲಿ ಮಾನಸ್‌ನದು. ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡು ಇಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು. ಸ್ಮಾರ್ಟ್‌ಫೋನ್ ಬೇಕಿಲ್ಲ, ಕೀಪ್ಯಾಡ್ ಫೋನ್ ಸಾಕು. ಫೋನ್ ಎತ್ತಿದಾಗ ಭಾಷೆ ಕೇಳುತ್ತದೆ, ಕನ್ನಡ ಒತ್ತಿ. ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ. ಡಾಕ್ಟರ್ ಬೇಕು ಅನ್ನಿಸಿದರೆ ಅವರಿಗೆ ಕೊಡುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲಿ ತೋರಿಸಬೇಕು ಅಂತ ಹೇಳುತ್ತಾರೆ. ಹೇಗೆ ಶುರು ಮಾಡಬೇಕು ಅಂತ ತೋಚದಿದ್ದರೆ ‘ಮಿಷನ್ ಮುಂದೆ ಕೂತರೆ ಕೈ ನಡುಗುತ್ತೆ’ ಅನ್ನಿ, ನನಗೆ ಬರೆದ ಹಾಗೇ.

ಆದರೆ ಆ ಬೈಗುಳಕ್ಕೆ ಕೌನ್ಸೆಲಿಂಗ್ ಮದ್ದಲ್ಲ. ಹೆಂಗಸರಿಗೆ ಆಡಬಾರದ ಅಸಭ್ಯ ಮಾತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಕೆಳಗೆ ಬರುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಯಾವುದೇ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷರು ಹೆಂಗಸೇ ಆಗಿರಬೇಕು. ಘಟನೆ ಆಗಿ ಮೂರು ತಿಂಗಳೊಳಗೆ ಬರೆದುಕೊಡಬೇಕು. ಬರೆಯಲು ಕಷ್ಟವಾದರೆ ಸಮಿತಿಯವರೇ ಬರೆಯಲು ಸಹಾಯ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ನಿಮ್ಮ ಲೈನಿನಲ್ಲಿ ಇನ್ನೂ ಯಾರಿಗೆ ಅವನು ಹೀಗೆ ಬೈದಿದ್ದಾನೆ, ಅವರ ಜೊತೆ ಮಾತಾಡಿ. ಒಬ್ಬರೇ ಹೋಗಬೇಡಿ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಗಾರರ ಯೂನಿಯನ್‌ಗಳಿವೆ, ಅವರ ಜೊತೆ ಹೋದರೆ ಧೈರ್ಯ.

ಫೋನ್ ಮಾತ್ರ ಊಟದ ಬಿಡುವಿನಲ್ಲಿ ಮಾಡಬೇಡಿ. ಅರ್ಧಕ್ಕೆ ಬೆಲ್ ಹೊಡೆದರೆ ಅಳು ನುಂಗಿಕೊಂಡು ಮತ್ತೆ ಮಿಷನ್‌ಗೆ ಓಡಬೇಕಾಗುತ್ತದೆ. ಭಾನುವಾರ ಬಟ್ಟೆ ಒಣಹಾಕಲು ಟೆರೇಸ್‌ಗೆ ಹೋಗುತ್ತೀರಲ್ಲ, ಆಗ ಮಾಡಿ.