ಆರೋಗ್ಯಕ್ಕೆ ಒಳ್ಳೇದು ಅಂತ ದಿನಾ ಕೇಪರ್ಸ್ ತಿನ್ನಬಹುದಾ? ನಮ್ಮ ಅಡುಗೆಗೆ ಹೇಗೆ ಹಾಕೋದು?

ಕೇಪರ್ಸ್ ಅಂದರೆ ಉಪ್ಪು ಇಲ್ಲವೇ ವಿನೆಗರ್‌ನಲ್ಲಿ ಹಾಕಿಟ್ಟ ಹೂವಿನ ಮೊಗ್ಗು. ಅದರಲ್ಲಿರುವ ಕ್ವೆರ್ಸೆಟಿನ್ ಅನ್ನೋ ಆಂಟಿಆಕ್ಸಿಡೆಂಟ್ ಬಗ್ಗೆ ಓದಿಯೇ ಕೇಳುತ್ತಿದ್ದೀರಿ ಅಲ್ವಾ? ನಾನೂ ಅದನ್ನೇ ಓದಿ, ಅಪ್ಪನ ಬಿಪಿಗೆ ಒಳ್ಳೇದಾಗಲಿ ಅಂತ ಜಯನಗರದ ಅಂಗಡಿಯೊಂದರಿಂದ ಕೇಪರ್ಸ್ ತಂದೆ. ವಿನೆಗರ್ ನೀರಿನಲ್ಲಿ ಹಾಕಿದ್ದೂ ಇತ್ತು, ಬರೀ ಉಪ್ಪಿನಲ್ಲಿ ಹಾಕಿದ್ದೂ ಇತ್ತು. ನಾನು ತಂದಿದ್ದು ಉಪ್ಪಿನದು.

ಆ ಭಾನುವಾರ ಸೋದರತ್ತೆ ಮನೆಯವರು ಊಟಕ್ಕೆ ಬಂದಿದ್ದರು. ಚಿತ್ರಾನ್ನದ ಒಗ್ಗರಣೆಗೆ ಒಂದು ಹಿಡಿ ಕೇಪರ್ಸ್ ಹಾಕಿದೆ. ಮೇಲಿನ ಉಪ್ಪು ಕೊಡವಿದ್ದೆ, ಅಷ್ಟೇ. ತೊಳೆಯಲಿಲ್ಲ, ನೆನೆಸಲಿಲ್ಲ. ಇದು ಹೂವಿನ ಮೊಗ್ಗು. ಉಪ್ಪು ಎಸಳಿನ ಸಂದಿಗೆಲ್ಲ ಇಳಿದಿರುತ್ತದೆ, ಕೊಡವಿದರೆ ಹೋಗಲ್ಲ. ಚೆನ್ನಾಗಿ ತೊಳೆದು ಕಾಲು ಗಂಟೆ ನೆನೆಸಬೇಕು, ನೀರು ಬದಲಿಸಬೇಕು, ಒಂದನ್ನು ಬಾಯಿಗೆ ಹಾಕಿ ನೋಡಬೇಕು. ಸಾಲದ್ದಕ್ಕೆ ಅನ್ನಕ್ಕೆ ಎಂದಿನ ಅಳತೆಯ ಉಪ್ಪನ್ನೂ ಹಾಕಿದ್ದೆ. ಇನ್ನಷ್ಟು ಅನ್ನ, ಕಾಯಿತುರಿ ಸೇರಿಸಿದೆ. ಆದರೂ ಮೊಗ್ಗು ಹಲ್ಲಿಗೆ ಸಿಕ್ಕಾಗಲೆಲ್ಲ ಬಾಯಿ ತುಂಬ ಉಪ್ಪು. ಬಾಣಲೆಯಲ್ಲಿದ್ದದ್ದು ಪೂರ್ತಿ ಚೆಲ್ಲಿದೆವು. ಅಪ್ಪ ಮಾತ್ರ ನನಗೆ ಬೇಜಾರಾಗಬಾರದು ಅಂತ ತಟ್ಟೆ ಖಾಲಿ ಮಾಡಿದರು. ಬಿಪಿ ಇರುವ ಮನುಷ್ಯನಿಗೆ ಬಡಿಸಿದ್ದು ಅದನ್ನ.

ಹಾಗಾಗಿ ಹೇಳ್ತೀನಿ, ಪೋಷಕಾಂಶಕ್ಕೆ ಅಂತ ತರಲೇಬೇಡಿ. ಕ್ವೆರ್ಸೆಟಿನ್ ಜಾಸ್ತಿ ಇರೋದು ನಿಜ. ಆದರೆ ತಿನ್ನೋದು ಒಂದು ಚಮಚ. ಅದರಿಂದ ಸಿಗುವಷ್ಟು ಒಂದು ಈರುಳ್ಳಿಯಲ್ಲೇ ಇದೆ, ಉಪ್ಪಿಲ್ಲದೆ. ಬಾಟಲಿಯ 100 ಗ್ರಾಂ ಕೇಪರ್ಸ್‌ನಲ್ಲಿ ಸುಮಾರು 2,300 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2,000ದೊಳಗೆ ಇರಲಿ ಅನ್ನುತ್ತದೆ. ನಮ್ಮ ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ ಮೊದಲೇ ಇವೆ.

ರುಚಿಗಾದರೆ ಖಂಡಿತ ತನ್ನಿ. ಮೆಡಿಟರೇನಿಯನ್ ಕಡೆಯ ಈ ಮುಳ್ಳುಗಿಡ ಸಾಸಿವೆಗೆ ದೂರದ ನೆಂಟ, ಆ ಘಾಟು ಇದರಲ್ಲೂ ಇದೆ. ಸಾರು, ಹುಳಿಗೆ ಹಾಕಬೇಡಿ, ಹುಣಸೆಹಣ್ಣಿನ ಮುಂದೆ ಇದು ಗೊತ್ತೇ ಆಗಲ್ಲ. ಇಟಲಿಯವರು ಟೊಮೆಟೊ ಜೊತೆ ಹಾಕೋದು ಸರಿಯಾಗಿದೆ. ನನಗೆ ಇಷ್ಟ ಆಲೂಗಡ್ಡೆ ಪಲ್ಯ. ನೆನೆಸಿದ ಮೊಗ್ಗನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಬಿಸಿ ಎಣ್ಣೆಗೆ ಹಾಕಿ. ಎಸಳು ಬಿಚ್ಚಿ, ಅಂಚು ಕಂದಾಗಿ ಗರಿಗರಿ ಆಗುತ್ತದೆ. ಒಲೆ ಆರಿಸಿದ ಮೇಲೆ ಪಲ್ಯದ ಮೇಲೆ ಉದುರಿಸಿ, ನಿಂಬೆರಸ ಹಿಂಡಿ. ಪಲ್ಯಕ್ಕೆ ಉಪ್ಪು ಅರ್ಧ ಸಾಕು. ಮೊದಲ ಸಲಕ್ಕೆ ವಿನೆಗರ್‌ನದ್ದೇ, ಚಿಕ್ಕ ಬಾಟಲಿ ತನ್ನಿ.