ಕಾರಿನ ಬ್ಯಾಟರಿ, ಕೀಲಿಯ ಸೆಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ನಾಲ್ಕು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಮಗಳ ಮನೆಯಲ್ಲಿ ಮೂರು ವಾರ ಇದ್ದು ಬಂದು ನೋಡಿದರೆ ರಿಮೋಟ್ ಒತ್ತಿದಾಗ ಬಾಗಿಲು ತೆರೆಯಲಿಲ್ಲ. ಕೀಲಿ ಹಾಕಿ ತೆರೆದು ಸೆಲ್ಫ್ ಹೊಡೆದರೆ ‘ಟಕ್ ಟಕ್ ಟಕ್’ ಎಂಬ ಸದ್ದು ಮಾತ್ರ ಬರುತ್ತಿದೆ. ಹೋಗಿರುವುದು ಕೀಲಿಯ ಸೆಲ್ಲೋ, ಕಾರಿನ ಬ್ಯಾಟರಿಯೋ? ಹೊಸದನ್ನೇ ಕೊಳ್ಳಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಬರೆದಿರುವ ಎರಡೂ ಲಕ್ಷಣಗಳಿಗೆ ಕಾರಣ ಒಂದೇ ಇರುವಂತಿದೆ, ಅದು ಬಾನೆಟ್ ಕೆಳಗಿನ 12 ವೋಲ್ಟ್ ಬ್ಯಾಟರಿ. ಕೀಲಿಯ ಸೆಲ್ ಸೊರಗಿದ್ದರೆ ಕಾರಿನ ತೀರಾ ಹತ್ತಿರ ಹೋಗಿ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ, ಆದರೆ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಎಂದಿನಂತೆ ಶುರುವಾಗುತ್ತದೆ. ನಿಮ್ಮಲ್ಲಿ ಎಂಜಿನ್ ತಿರುಗುತ್ತಲೇ ಇಲ್ಲ. ‘ಟಕ್ ಟಕ್’ ಸದ್ದು ಬರುವುದು ಏಕೆಂದರೆ, ಸ್ಟಾರ್ಟರ್ ಮೋಟಾರಿನ ಸ್ವಿಚ್ ಒಮ್ಮೆ ಎಳೆದುಕೊಂಡ ಕೂಡಲೇ ಬ್ಯಾಟರಿಯ ವೋಲ್ಟೇಜ್ ಕುಸಿದು, ಆ ಸ್ವಿಚ್ಚನ್ನು ಹಿಡಿದಿಡಲೂ ಸಾಲದೆ ಅದು ಬಿಟ್ಟುಕೊಳ್ಳುತ್ತದೆ; ಬಿಟ್ಟೊಡನೆ ವೋಲ್ಟೇಜ್ ಸ್ವಲ್ಪ ಏರಿ ಮತ್ತೆ ಎಳೆದುಕೊಳ್ಳುತ್ತದೆ.

ಆದರೆ ಬ್ಯಾಟರಿ ಬರಿದಾಗುವುದು ಬೇರೆ, ಸಾಯುವುದು ಬೇರೆ. ನಿಂತ ಕಾರು ಕೂಡ ಅಲಾರಂ, ಗಡಿಯಾರ, ಕೀಲಿಯ ಸಂಕೇತಕ್ಕೆ ಕಾಯುವ ಸಾಧನ ಇವುಗಳಿಗಾಗಿ ಸದಾ ತುಸು ವಿದ್ಯುತ್ತನ್ನು ಬಳಸುತ್ತಿರುತ್ತದೆ. ಅದು 25 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 0.6 ಆಂಪಿಯರ್‌ ಅವರ್ (ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್‌ ಅವರ್), 21 ದಿನಕ್ಕೆ 12.6 ಆಂಪಿಯರ್‌ ಅವರ್ ಆಗುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್‌ ಅವರ್ ಬ್ಯಾಟರಿಗೆ ಅದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನಾಲ್ಕು ವರ್ಷ ದುಡಿದ ಬ್ಯಾಟರಿಯಲ್ಲಿ ಮೊದಲಿನ 35 ಉಳಿದಿರುವುದಿಲ್ಲ ಎಂಬುದನ್ನೂ ಸೇರಿಸಿಕೊಂಡರೆ ನಿಮ್ಮ ಕಾರಿಗೆ ಏನಾಗಿದೆ ಎಂಬುದು ತಿಳಿಯುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬ್ಯಾಟರಿಯ ಪ್ಲಸ್, ಮೈನಸ್ ಟರ್ಮಿನಲ್‌ಗಳ (ತುದಿಗಳ) ನಡುವಿನ ವೋಲ್ಟೇಜ್ ಅಳೆಯಿರಿ. ಕೆಲವೇ ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಕಾರಿರುವ ಪ್ರತಿ ಮನೆಯಲ್ಲೂ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಲವು ಗಂಟೆ ಸುಮ್ಮನೆ ನಿಂತಿರುವ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ತುಂಬಿದೆ ಎಂದೂ, 12.2ರ ಆಸುಪಾಸಿನಲ್ಲಿದ್ದರೆ ಅರ್ಧಕ್ಕಿಳಿದಿದೆ ಎಂದೂ, 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆ ಎಂದೂ ತಿಳಿಯಬೇಕು. ಬರಿದಾಗಿದ್ದರೆ ಮೊದಲು ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಆಗಲೂ 12.6ರ ಹತ್ತಿರ ನಿಲ್ಲದಿದ್ದರೆ, ಅಥವಾ ಸೆಲ್ಫ್ ಹೊಡೆಯುವಾಗ 10 ವೋಲ್ಟ್‌ಗಿಂತ ಬಹಳ ಕೆಳಗೆ ಕುಸಿದರೆ, ಬ್ಯಾಟರಿಯ ಕಾಲ ಮುಗಿದಿದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುವುದರಿಂದ, ಚಾರ್ಜ್ ಮಾಡಿಸುವುದನ್ನು ಮುಂದೂಡಬೇಡಿ.

ಇನ್ನೊಂದು ಅಳತೆ ಇದಕ್ಕಿಂತಲೂ ಮುಖ್ಯ. ಎಂಜಿನ್ ಓಡುತ್ತಿರುವಾಗ ಅದೇ ಟರ್ಮಿನಲ್‌ಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. ಹನ್ನೆರಡರಲ್ಲೇ ನಿಂತಿದ್ದರೆ ದೋಷವಿರುವುದು ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎನ್ನುವ ಭಾಗದಲ್ಲಿ ಅಥವಾ ಅದರ ಬೆಲ್ಟ್, ವೈರಿಂಗ್‌ನಲ್ಲಿ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ಪ್ರಶ್ನೆ: ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬೇಕೆಂದಿದ್ದೇನೆ. ಯಾವ ತಂತಿಯನ್ನು ಮೊದಲು ಬಿಚ್ಚಬೇಕು ಎಂಬ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ, ಏಕೆ? ಬಿಚ್ಚಿದರೆ ಕಾರಿನ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಗೆ ಜೋಡಿಸಿರುತ್ತಾರೆ. ಇಡೀ ಕಾರಿನ ಲೋಹದ ಮೈ ಒಂದು ದೊಡ್ಡ ಮೈನಸ್ ತಂತಿಯಿದ್ದಂತೆ. ಮೈನಸ್ ಇನ್ನೂ ಜೋಡಿಸಿಕೊಂಡಿರುವಾಗ ಪ್ಲಸ್ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಿರೆಂದುಕೊಳ್ಳಿ. ಸ್ಪ್ಯಾನರಿನ ಇನ್ನೊಂದು ತುದಿ ಪಕ್ಕದ ತಗಡಿಗೆ ತಗುಲಿದರೆ ಸಾಕು, ಅದರ ಮೂಲಕ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕ್ಷಣದಲ್ಲಿ ಕೆಂಡದಂತೆ ಕಾಯುತ್ತದೆ. ಮೈನಸ್ಸನ್ನು ಮೊದಲು ಕಳಚಿದ್ದರೆ ಸ್ಪ್ಯಾನರ್ ಎಲ್ಲಿ ತಗುಲಿದರೂ ಸರ್ಕ್ಯೂಟ್ ಪೂರ್ಣವಾಗುವುದಿಲ್ಲ. ತಂತಿಯ ಬಣ್ಣವನ್ನು ನಂಬದೆ, ಬ್ಯಾಟರಿಯ ಮೇಲೆ ಒತ್ತಿರುವ ಪ್ಲಸ್ ಮತ್ತು ಮೈನಸ್ ಗುರುತನ್ನೇ ನೋಡಿಕೊಳ್ಳಿ.

ಕೊಳ್ಳುವಾಗಲೇ ಒಂದು ಎಚ್ಚರ ಬೇಕು. ವೋಲ್ಟ್ ಮತ್ತು ಆಂಪಿಯರ್‌ ಅವರ್ ಹೊಂದಿದರೆ ಸಾಲದು. ಪ್ಲಸ್ ಟರ್ಮಿನಲ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದೂ ಹಳೆಯದರಂತೆಯೇ ಇರಬೇಕು. ನಮ್ಮಲ್ಲಿ ಮಾದರಿ ಸಂಖ್ಯೆಯ ಕೊನೆಯಲ್ಲಿ ಬರುವ ಎಲ್ ಅಥವಾ ಆರ್ ಅಕ್ಷರ ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತದೆ. ತಪ್ಪಾದದ್ದನ್ನು ತಂದರೆ ತಂತಿ ಎಟುಕದೆ ಎಳೆದಾಡಬೇಕಾಗುತ್ತದೆ. ಅವಸರದಲ್ಲಿ ತಿರುವುಮುರುವು ಜೋಡಿಸಿದರೆ ಫ್ಯೂಸ್‌ಗಳಷ್ಟೇ ಅಲ್ಲ, ಆಲ್ಟರ್ನೇಟರ್ ಮತ್ತು ಎಲೆಕ್ಟ್ರಾನಿಕ್ ಭಾಗಗಳೂ ಸುಟ್ಟುಹೋಗಬಹುದು. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು ಶುರುವಾಗುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ವಿಶೇಷ ಬಗೆಯ ಬ್ಯಾಟರಿ ಹಾಕಿರುತ್ತಾರೆ. ಅಗ್ಗವೆಂದು ಸಾಧಾರಣ ಬ್ಯಾಟರಿ ಹಾಕಿದರೆ ಅದು ಬೇಗ ಸೋಲುತ್ತದೆ. ಅಂಥ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯ ವಿವರವನ್ನು ಕಾರಿನ ಕಂಪ್ಯೂಟರ್‌ಗೆ ತಿಳಿಸಬೇಕಾಗುವುದರಿಂದ ಕೈಪಿಡಿಯನ್ನು ಮೊದಲೇ ಓದಿಕೊಳ್ಳಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾಗಿದ್ದರೆ ಈ ಕೆಲಸವನ್ನು ತಯಾರಕರ ಸರ್ವಿಸ್ ಕೇಂದ್ರಕ್ಕೇ ಬಿಡಿ. ಅಲ್ಲಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಇರುವುದು ಪ್ರಾಣ ತೆಗೆಯುವಷ್ಟು ವೋಲ್ಟೇಜ್.

ಇನ್ನು ಕೆಲಸಕ್ಕೆ ಬರೋಣ. ಗಾಳಿಯಾಡುವ ಜಾಗದಲ್ಲಿ, ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಲ್ಲ ಸ್ವಿಚ್‌ಗಳನ್ನು ಆರಿಸಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಕೀಲಿ ಒಳಗಿರುವಾಗ ಬಾಗಿಲು ಲಾಕ್ ಆದರೆ ಫಜೀತಿಯಾಗುವುದರಿಂದ ಒಂದು ಕಿಟಕಿಯ ಗಾಜನ್ನೂ ಇಳಿಸಿಡಿ. ಕೈಯಲ್ಲಿರುವ ಉಂಗುರ, ಕಡಗ, ಬಳೆ, ವಾಚು ಎಲ್ಲವನ್ನೂ ತೆಗೆದಿಡಬೇಕು, ಏಕೆಂದರೆ ಸ್ಪ್ಯಾನರಿಗೆ ಆಗುವುದು ಉಂಗುರಕ್ಕೂ ಆಗುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವ ಸಾಧ್ಯತೆಯಿದ್ದು, ಸುತ್ತಮುತ್ತ ಬೀಡಿ, ಸಿಗರೇಟು, ಬೆಂಕಿಕಡ್ಡಿ ಯಾವುದೂ ಇರಬಾರದು. ಬಹಳಷ್ಟು ಕಾರುಗಳಲ್ಲಿ 10 ಎಂಎಂ ಸ್ಪ್ಯಾನರ್ ಒಂದೇ ಸಾಕಾಗುತ್ತದೆ. ಮೈನಸ್ ಕ್ಲ್ಯಾಂಪ್ ಕಳಚಿ ಬಟ್ಟೆ ಸುತ್ತಿ ದೂರ ಸರಿಸಿ, ಆಮೇಲೆ ಪ್ಲಸ್, ಆಮೇಲೆ ಬ್ಯಾಟರಿಯನ್ನು ಹಿಡಿದಿರುವ ಪಟ್ಟಿ. ನೋಡಲು ಚಿಕ್ಕದಾದರೂ ಒಳಗೆಲ್ಲ ಸೀಸವಾದ್ದರಿಂದ ಸಣ್ಣ ಬ್ಯಾಟರಿಯೂ ಸುಮಾರು 10 ಕಿಲೋ ತೂಗುತ್ತದೆ, ಡೀಸೆಲ್ ಕಾರಿನದು ಇನ್ನೂ ಹೆಚ್ಚು. ವಾಲಿಸದೆ, ನೆಟ್ಟಗೆ ಎತ್ತಿ. ಆಮ್ಲ ಕಣ್ಣಿಗೆ ಸಿಡಿದರೆ ಹದಿನೈದು ಇಪ್ಪತ್ತು ನಿಮಿಷ ನೀರು ಹಾಯಿಸುತ್ತಲೇ ಇದ್ದು, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಕ್ಲ್ಯಾಂಪ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಬ್ರಷ್ ಅದ್ದಿ ತಿಕ್ಕಿ, ಒರೆಸಿ, ಒಣಗಿಸಿ. ಹೊಸದನ್ನು ಕೂರಿಸಿ ಹಿಡಿಪಟ್ಟಿಯನ್ನು ತಪ್ಪದೆ ಬಿಗಿಯಿರಿ. ನಮ್ಮ ರಸ್ತೆಗಳ ಕುಲುಕಾಟದಲ್ಲಿ ಪಟ್ಟಿಯಿಲ್ಲದ ಬ್ಯಾಟರಿಯ ಒಳಫಲಕಗಳು ಬೇಗ ಹಾಳಾಗುತ್ತವೆ. ಪ್ಲಸ್ ಮೊದಲು, ಮೈನಸ್ ಕೊನೆಗೆ ಜೋಡಿಸಿ. ಕೊನೆಯ ಜೋಡಣೆಯಲ್ಲಿ ಸಣ್ಣದೊಂದು ಕಿಡಿ ಕಂಡರೆ ಗಾಬರಿಯಾಗಬೇಕಿಲ್ಲ. ಕೈಯಿಂದ ತಿರುಗಿಸಿದರೆ ಕ್ಲ್ಯಾಂಪ್ ಅಲುಗಬಾರದು. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ.

ಸೆಟ್ಟಿಂಗ್‌ಗಳಲ್ಲಿ ಗಡಿಯಾರ, ರೇಡಿಯೊ ಸ್ಟೇಷನ್‌ಗಳು ಅಳಿಸಬಹುದು. ಕೆಲವು ಮ್ಯೂಸಿಕ್ ಸಿಸ್ಟಂಗಳು ಕೋಡ್ ಕೇಳುವುದರಿಂದ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಒಮ್ಮೆ ಒತ್ತಿದರೆ ಪೂರ್ತಿ ಏರುವ ಕಿಟಕಿಗಾಜು ಅರ್ಧಕ್ಕೆ ನಿಂತರೆ, ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೆಯೇ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಸರಿಹೋಗುತ್ತದೆ.

ಪ್ರಶ್ನೆ: ನನ್ನ ಕಾರು ಗುಂಡಿ ಒತ್ತಿ ಶುರು ಮಾಡುವಂಥದು. ಕೀಲಿಯ ಬ್ಯಾಟರಿ ಕಡಿಮೆಯಾಗಿದೆ ಎಂದು ತೋರಿಸುತ್ತಿದೆ. ದಾರಿಯಲ್ಲಿ ಪೂರ್ತಿ ಖಾಲಿಯಾದರೆ ಗತಿಯೇನು? ಸೆಲ್ ತೆಗೆದರೆ ಕೀಲಿಯನ್ನು ಮತ್ತೆ ಪ್ರೋಗ್ರಾಂ ಮಾಡಿಸಬೇಕೇ? ಮನೆಯಲ್ಲಿ ಎರಡು ವರ್ಷದ ಮಗುವಿದೆ.
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಮಗು ಬಟನ್ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಸೆಲ್ಲಿನ ವಿದ್ಯುತ್ತಿನಿಂದ ಅಲ್ಲಿ ತೀಕ್ಷ್ಣ ಕ್ಷಾರ ಉಂಟಾಗಿ ಎರಡೇ ಗಂಟೆಗಳಲ್ಲಿ ಗಂಭೀರವಾದ ಸುಟ್ಟಗಾಯವಾಗಬಹುದು. ಕೀಲಿಗೆ ಸಾಲದಷ್ಟು ಸೊರಗಿದ ಹಳೆಯ ಸೆಲ್ಲಿಗೂ ಈ ಹಾನಿ ಮಾಡುವ ಶಕ್ತಿ ಇರುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಲಕ್ಷಣಗಳಿಗಾಗಿ ಕಾಯದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಓಡಬೇಕು. ಮಗು ಮಲಗಿರುವಾಗ ಸೆಲ್ ಬದಲಿಸಿ, ತೆಗೆದ ಸೆಲ್ಲಿನ ಎರಡೂ ಬದಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡುವವರೆಗೂ ಕೈಗೆಟುಕದಲ್ಲಿಡಿ.

ಸೆಲ್ಲಿನ ಮೇಲಿನ ಸಂಖ್ಯೆಯಲ್ಲೇ ಅದರ ಅಳತೆಯಿದೆ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025ರ ದಪ್ಪ 2.5. ಎರಡೂ 3 ವೋಲ್ಟಿನವೇ ಆದರೂ ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಹಳೆಯದನ್ನು ನೋಡಿಯೇ ತನ್ನಿ. ಕೀಲಿಯ ಪಕ್ಕದ ಚಿಕ್ಕ ಗುಂಡಿ ಒತ್ತಿದರೆ ಒಳಗಿನ ಲೋಹದ ಕೀಲಿ ಹೊರಬರುತ್ತದೆ. ಅಲ್ಲೇ ಕಾಣುವ ಸಂದಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ನಿಧಾನವಾಗಿ ತಿರುಚಿದರೆ ಹೊದಿಕೆ ಎರಡಾಗುತ್ತದೆ. ಹಳೆಯ ಸೆಲ್ಲಿನ ಪ್ಲಸ್ ಬದಿ ಮೇಲಿತ್ತೋ ಕೆಳಗಿತ್ತೋ ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಿ.

ಮತ್ತೆ ಪ್ರೋಗ್ರಾಂ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಏಕೆಂದರೆ ಕೀಲಿಯ ಗುರುತು ಸೆಲ್ ಇಲ್ಲದಿದ್ದರೂ ಅಳಿಯದ ಚಿಪ್‌ನಲ್ಲಿರುತ್ತದೆ. ಆ ಚಿಪ್ ಕಾರಿನ ಆಂಟೆನಾದಿಂದಲೇ ಬೇಕಾದ ಶಕ್ತಿಯನ್ನು ಪಡೆಯಬಲ್ಲದು. ಆದ್ದರಿಂದ ದಾರಿಯಲ್ಲಿ ಸೆಲ್ ಖಾಲಿಯಾದರೆ, ಒಳಗಿನ ಲೋಹದ ಕೀಲಿಯಿಂದ ಬಾಗಿಲು ತೆರೆದು, ಬ್ರೇಕ್ ಅಥವಾ ಕ್ಲಚ್ ತುಳಿದು, ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿದರೆ ಬಹಳಷ್ಟು ಕಾರುಗಳು ಶುರುವಾಗುತ್ತವೆ. ಕೆಲವು ಕಾರುಗಳಲ್ಲಿ ಕೀಲಿ ಇಡುವ ಜಾಗ ಬೇರೆಡೆ ಇರುವುದರಿಂದ, ಇಂದೇ ಕೈಪಿಡಿಯಲ್ಲಿ ಆ ಪುಟವನ್ನು ಹುಡುಕಿ ಒಮ್ಮೆ ಮನೆಯಂಗಳದಲ್ಲೇ ಪ್ರಯತ್ನಿಸಿ ನೋಡಿ.

ಪ್ರಶ್ನೆ: ನಮ್ಮೂರಿನ ಬಿಸಿಲಿಗೆ ಬ್ಯಾಟರಿ ಮೂರು ವರ್ಷವೂ ಬಾಳುವುದಿಲ್ಲ. ನೀರು ಹಾಕಬೇಕೇ? ಹಳೆಯದನ್ನು ಗುಜರಿಗೆ ಹಾಕಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬ್ಯಾಟರಿಗೆ ಚಳಿಗಿಂತ ಸೆಖೆಯೇ ದೊಡ್ಡ ಶತ್ರು, ಒಳಗಿನ ನೀರು ಬೇಗ ಆವಿಯಾಗುತ್ತದೆ, ಫಲಕಗಳು ಬೇಗ ಸವೆಯುತ್ತವೆ. ನೆರಳಿನಲ್ಲಿ ನಿಲ್ಲಿಸುವುದರಿಂದ ನಿಜವಾಗಿಯೂ ಪ್ರಯೋಜನವಿದೆ. ಮುಚ್ಚಳ ತೆರೆಯುವ ಬಗೆಯದಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ, ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ; ಬೋರ್‌ವೆಲ್ ನೀರು, ಕುಡಿಯುವ ನೀರು ಬೇಡ, ಆಮ್ಲವನ್ನಂತೂ ಹಾಕಲೇಬೇಡಿ. ಮುಚ್ಚಿದ ಬಗೆಯದನ್ನು ತೆರೆಯಲು ಹೋಗಬಾರದು.

ಹಳೆಯದನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ, ಮತ್ತು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆ ತಯಾರಕರ ಹೊಣೆ. ಗುಜರಿಯಿಂದ ಹೋದದ್ದನ್ನು ಎಷ್ಟೋ ಕಡೆ ಬಯಲಿನಲ್ಲೇ ಒಡೆದು, ಆಮ್ಲವನ್ನು ಮಣ್ಣಿಗೆ ಸುರಿದು, ಸೀಸವನ್ನು ಬರಿಗೈಯಲ್ಲಿ ಕರಗಿಸುತ್ತಾರೆ. ಆ ಹೊಗೆ ಮತ್ತು ಧೂಳಿನ ಸೀಸ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರಿ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಅಂಗಡಿಗೆ ಒಯ್ಯುವಾಗಲೂ ಬ್ಯಾಟರಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಡಿಕ್ಕಿಯಲ್ಲಿ ಉರುಳದಂತೆ ಒತ್ತುಗೊಟ್ಟು ಇಡಿ.